ಹನೋಯ್‌ಗೆ ಒಯ್ದ ಒಂದೇ ಲೆನ್ಸು

ದಾವಣಗೆರೆ

ಮೇಜಿನ ಮೇಲೆ ಆ ಹೊತ್ತಿನ ಕೆಲಸಕ್ಕೆ ಬೇಕಾದ ಒಂದೇ ಉಪಕರಣ ಇರಬೇಕು, ಉಳಿದವೆಲ್ಲ ಬೀರುವಿನಲ್ಲಿರಬೇಕು. ಹರಿಹರದ ಕಾರ್ಖಾನೆಯೊಂದರ ತಪಾಸಣೆ ವಿಭಾಗಕ್ಕೆ ಸೇರಿದ ದಿನ ನನಗೆ ಮೊದಲು ಹೇಳಿಕೊಟ್ಟದ್ದು ಇದು. ಎಲ್ಲವನ್ನೂ ಹರಡಿಕೊಂಡು ಕೂತವನ ಕೈ ತಪ್ಪು ಉಪಕರಣದ ಮೇಲೆ ಬೀಳುತ್ತದೆ. ನಿವೃತ್ತಿಯಾಗುವವರೆಗೂ ಈ ನಿಯಮವನ್ನು ಪಾಲಿಸಿದೆ, ಕೈಕೆಳಗಿನವರೂ ಪಾಲಿಸುವಂತೆ ಮಾಡಿದೆ. ಈಗ ಮನೆಯಲ್ಲಿ ಈಳಿಗೆಮಣೆ, ಚಾಕು ಎರಡೂ ಒಟ್ಟಿಗೆ ಹೊರಗೆ ಕಂಡರೆ ಒಂದನ್ನು ಎತ್ತಿಡುತ್ತೇನೆ. ಅದಕ್ಕೆ ನನ್ನ ಹೆಂಡತಿ ಏನನ್ನುತ್ತಾಳೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಹೀಗಾಗಿ, ವಿಯೆಟ್ನಾಂ ಪ್ರವಾಸಕ್ಕೆಂದು ನನ್ನ ಮೊದಲ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಳ್ಳಲು ದಾವಣಗೆರೆಗೆ ಹೋದಾಗ ನನ್ನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ: ಯಾವ ಒಂದು ಲೆನ್ಸು?

ಅಂಗಡಿಯ ಮಂಜಣ್ಣ ಹಿಂದೆ ಮದುವೆ ಫೋಟೊ ತೆಗೆಯುತ್ತಿದ್ದವರು. ಈಗ ಹೊಟ್ಟೆ ಬಂದು, ಕುರ್ಚಿ ಹಿಡಿದು, ಕ್ಯಾಮೆರಾ ಮಾರುತ್ತಾರೆ.

"ಎಲ್ಲಾರೂ ಮಿರರ್‌ಲೆಸ್ ಕೇಳ್ತಾರೆ ಸರ್, ನೀವೊಬ್ರು ಡಿಎಸ್‌ಎಲ್‌ಆರ್ ಅಂತೀರಿ."

"ಕಣ್ಣಿಟ್ಟು ನೋಡಿದರೆ ಎದುರಿಗಿರೋದೇ ಕಾಣಬೇಕು ಮಂಜಣ್ಣ. ಒಳಗೊಂದು ಟೀವಿ ಬ್ಯಾಡ."

"ಆತು ಬಿಡ್ರಿ. ಕೂಡ್ರಿ, ತೋರಿಸ್ತೀನಿ."

ಗಾಜಿನ ಕಪಾಟಿನ ಮೇಲೆ ಬಟ್ಟೆ ಹಾಸಿ ಮೂರು ಲೆನ್ಸು ಇಟ್ಟರು. ಒಂದು, ಕ್ಯಾಮೆರಾದ ಜೊತೆಗೇ ಬರುವ ಸಣ್ಣದು. ಕೋಣೆ, ಗುಡಿ, ಮಂದಿಯ ಗುಂಪು ಎಲ್ಲವೂ ಅದರೊಳಗೆ ಹಿಡಿಸುತ್ತವೆ. ಎರಡನೆಯದು ಐವತ್ತು ಮಿಲಿಮೀಟರಿನದು, ಗಿಡ್ಡ ಮತ್ತು ದಪ್ಪ. "ಮುಖ ತೆಗಿಯಾಕ ಇದ್ರಂಥದ್ದು ಇನ್ನೊಂದಿಲ್ಲ ಸರ್. ಹಿಂದಿಂದೆಲ್ಲ ಬೆಣ್ಣೆ ಕರಗಿದಂಗೆ ಕರಗತೈತೆ" ಎಂದರು. ಮೂರನೆಯದು ಎಪ್ಪತ್ತರಿಂದ ಮುನ್ನೂರರದು. ಉದ್ದನೆಯ ಕೊಳವೆ, ತಿರುಗಿಸಿದರೆ ಇನ್ನೂ ಉದ್ದವಾಗುತ್ತದೆ.

ಕೇಳಿ ತಿಳಿದುಕೊಳ್ಳುವುದು ಒಂದು, ಪರೀಕ್ಷಿಸಿ ತಿಳಿದುಕೊಳ್ಳುವುದು ಇನ್ನೊಂದು. ರಸ್ತೆಯಾಚೆ ಒಂದು ಚಹಾದಂಗಡಿ ಇತ್ತು. ಐವತ್ತರ ಲೆನ್ಸು ಹಾಕಿಕೊಂಡು ಅಂಗಡಿಯ ಮೆಟ್ಟಿಲಲ್ಲಿ ನಿಂತೆ. ಚಹಾ ಕುಡಿಯುತ್ತಿದ್ದ ಒಬ್ಬನ ಮುಖ ಚೌಕಟ್ಟಿನಲ್ಲಿ ಕಡಲೆಕಾಳಿನಷ್ಟು ಕಂಡಿತು. ಮೆಟ್ಟಿಲಿಳಿದೆ, ರಸ್ತೆ ದಾಟಿದೆ, ಅವನೆದುರಿಗೇ ಹೋಗಿ ನಿಂತೆ. ಆ ಹೊತ್ತಿಗೆ ಅವನು ಚಹಾ ಕೆಳಗಿಟ್ಟು, ಅಂಗಿಯ ಗುಂಡಿ ಹಾಕಿಕೊಂಡು, ಕೂದಲು ಸವರಿ, "ಪೇಪರ್‌ನಾಗ ಬರತೈತೇನ್ರಿ?" ಎಂದು ಕೇಳಿದ. ಬರುವುದಿಲ್ಲವೆಂದು ಹೇಳಿ ಹಿಂದಿರುಗಿದೆ. ಉದ್ದನೆಯದನ್ನು ಹಾಕಿ ಮೆಟ್ಟಿಲ ಮೇಲಿಂದಲೇ ನೋಡಿದೆ. ಅವನು ಮತ್ತೆ ಬಸಿ ಎತ್ತಿ ಊದುತ್ತಿದ್ದ. ಮೀಸೆಯ ತುದಿಯಲ್ಲಿ ಒಂದು ಹನಿ ನಿಂತಿತ್ತು. ಅವನಿಗೆ ಏನೂ ಗೊತ್ತಿರಲಿಲ್ಲ.

"ಇದನ್ನೇ ಕೊಡಿ" ಎಂದೆ.

"ಹುಲಿ ಹಿಡಿಯಾಕ ಹೊಂಟೀರೇನ್ರಿ ಸರ್?"

"ನಮ್ಮಕ್ಕನ್ನ ಹಿಡೀಬೇಕು."

ಮಂಜಣ್ಣ ಹೊಟ್ಟೆ ಕುಲುಕಿಸಿ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಮನೆಗೆ ಬಂದು, ಕ್ಯಾಮೆರಾದ ಜೊತೆ ಬಂದಿದ್ದ ಸಣ್ಣ ಲೆನ್ಸನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಿದೆ. ಒಂದು ಕೆಲಸ, ಒಂದು ಉಪಕರಣ.

ಭಾನುವಳ್ಳಿ

ಅಕ್ಕ ಎಂದರೆ ಗೌರಮ್ಮ, ನನಗಿಂತ ಹತ್ತು ವರ್ಷ ದೊಡ್ಡವಳು. ಭಾನುವಳ್ಳಿಗೆ ಮದುವೆಯಾಗಿ ಹೋದವಳು. ಇಂದಿಗೂ ಕಾಲುವೆಗೆ ನೀರು ಬಿಟ್ಟ ದಿನ ಗದ್ದೆಯ ಬದುವಿನ ಮೇಲೆ ಎಲ್ಲರಿಗಿಂತ ಮೊದಲು ಕಾಣಿಸುವವಳು ಅವಳೇ. ನಮ್ಮವ್ವ ತೀರಿಕೊಂಡಾಗ ನಾನಿನ್ನೂ ಚಡ್ಡಿ ಹಾಕುತ್ತಿದ್ದೆ. ನನ್ನನ್ನು ಬೆಳೆಸಿದವಳು ಅಕ್ಕ.

ನಮ್ಮ ಮನೆತನದಲ್ಲಿ ಹೆಂಗಸರು ಒಬ್ಬರೇ ಕೂತು ಫೋಟೊ ತೆಗೆಸುವುದಿಲ್ಲ. ಒಂಟಿ ಫೋಟೊ ಇರುವುದು ಗೋಡೆಗೆ, ಹಾರಕ್ಕೆ. ಬದುಕಿರುವಾಗಲೇ ತೆಗೆಸಿದರೆ ಗೋಡೆ ಕರೆಯುತ್ತದೆ ಎನ್ನುತ್ತಾರೆ. ಅವ್ವನೂ ತೆಗೆಸಿರಲಿಲ್ಲ. ಅವಳು ಹೋದಮೇಲೆ ಯಾರದೋ ಮದುವೆಯ ಗುಂಪುಫೋಟೊ ಹುಡುಕಿ, ಸ್ಟುಡಿಯೊದವರ ಕೈಗೆ ಕೊಟ್ಟು, ಹಿಂದಿನ ಸಾಲಿನಲ್ಲಿದ್ದ ಅವ್ವನನ್ನು ಕತ್ತರಿಸಿ ದೊಡ್ಡದು ಮಾಡಿಸಿದರು. ಅವಳ ಅರ್ಧ ಮುಖ ಯಾರದೋ ಪೇಟದ ಮರೆಯಲ್ಲಿತ್ತು. ಆ ಅರ್ಧವನ್ನು ಸ್ಟುಡಿಯೊದವನು ಕುಂಚದಲ್ಲಿ ಬರೆದು ತುಂಬಿದ. ನಮ್ಮ ಗೋಡೆಯ ಮೇಲಿರುವ ಅವ್ವನ ಎಡಗಣ್ಣು ಅವ್ವನದಲ್ಲ, ಅದನ್ನು ಬರೆದವನ ಊಹೆ. ನನಗೀಗ ಅವ್ವನ ಮುಖ ಬೇರೆಯಾಗಿ ನೆನಪಿಲ್ಲ. ನೆನೆದರೆ ಆ ಬರೆದ ಕಣ್ಣೇ ಬರುತ್ತದೆ.

ಅಕ್ಕನಿಗೆ ಹಾಗಾಗಬಾರದು. ಅವಳಿರುವಾಗಲೇ, ಪೂರ್ತಿ ಅವಳದೇ ಆದ ಒಂದು ಚಿತ್ರ ನನಗೆ ಬೇಕಾಗಿತ್ತು. ನಾನು ಬಯಸಿದ್ದು ಅಷ್ಟೇ. ಆದರೆ ಯಾರಾದರೂ ಮೊಬೈಲ್ ಎತ್ತಿದರೆ ಸಾಕು, ಅಕ್ಕ ಸೆರಗು ಮುಖಕ್ಕೆಳೆದುಕೊಳ್ಳುತ್ತಾಳೆ, ಇಲ್ಲವೇ ಪಕ್ಕದವರನ್ನು ಎಳೆದು ನಿಲ್ಲಿಸಿಕೊಳ್ಳುತ್ತಾಳೆ. ಆಧಾರ್ ಕಾರ್ಡಿನಲ್ಲಿ ಒಬ್ಬಳೇ ಇದ್ದೀಯಲ್ಲ ಎಂದರೆ, "ಅದು ಸರ್ಕಾರದ್ದು. ಅದಕ್ಕ ಯಾರು ಹಾರ ಹಾಕ್ತಾರೆ?" ಎನ್ನುತ್ತಾಳೆ. ಅದೂ ನಿಜವೇ. ಆ ಕಾರ್ಡಿನಲ್ಲಿರುವವಳನ್ನು ನಮ್ಮ ಓಣಿಯವರೂ ಗುರುತಿಸಲಾರರು.

ಪ್ರವಾಸಕ್ಕೆ ಹೆಂಡತಿಯೇ ಬರಬೇಕಿತ್ತು. ಅವಳಿಗೆ ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಹೋದರೂ ವಾಂತಿಯಾಗುತ್ತದೆ. "ವಿಮಾನ ಗಿಮಾನ ನನ್ನ ಕೈಲಿ ಆಗಲ್ರಿ. ಅಕ್ಕನ್ನ ಕರ್ಕೊಂಡು ಹೋಗ್ರಿ, ಅವ್ರು ಗಟ್ಟಿ ಇದಾರೆ" ಎಂದಳು. ಅಕ್ಕ ಒಂದೇ ಮಾತು ಕೇಳಿದಳು:

"ಅಲ್ಲಿ ಭತ್ತ ಬೆಳೀತಾರೇನೋ?"

"ಬೆಳೀತಾರೆ."

"ಹಂಗಾರೆ ಬರ್ತೀನಿ."

ಊರಲ್ಲಿ ಅವಳು ಯಾವಾಗಲೂ ಎಚ್ಚರ. ಹೊಸ ದೇಶದಲ್ಲಿ ಕಣ್ಣು ಬೇರೆ ಕಡೆ ಇರುತ್ತದೆ, ಆಗ ದೂರದಿಂದ ತೆಗೆದುಬಿಡುವುದು ಎಂಬುದು ನನ್ನ ಲೆಕ್ಕ.

ಹನೋಯ್, ಕೆರೆಯ ದಂಡೆ

ನಾವು ಇಳಿದುಕೊಂಡದ್ದು ಹಳೆಯ ಪೇಟೆಯ ಒಂದು ಮನೆಯಲ್ಲಿ. ಅಲ್ಲಿನ ಮನೆಗಳು ರೈಲಿನ ಬೋಗಿಯಂತೆ: ಅಗಲ ಇಲ್ಲವೇ ಇಲ್ಲ, ಉದ್ದ ಮುಗಿಯುವುದಿಲ್ಲ. ರಸ್ತೆಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಸಾಮಾನು, ಸ್ಕೂಟರು, ಮೇಲೆ ಗೋಡೆಗೊಂದು ಪೀಠ. ಪೀಠದ ಮೇಲೆ ತೀರಿಹೋದ ಹಿರಿಯರ ಫೋಟೊಗಳು, ಎದುರಿಗೆ ಹಣ್ಣು, ಊದುಬತ್ತಿ. ಹಾರವೊಂದಿಲ್ಲ, ಉಳಿದಂತೆ ನಮ್ಮ ಪಡಸಾಲೆಯೇ. ಮನೆ ನಡೆಸುವವರು ಲಾನ್ ಎಂಬ ಮುದುಕಿ ಮತ್ತು ಅವರ ಮಗ ತುವಾನ್. ತುವಾನ್ ಐವತ್ತು ದಾಟಿದವರು, ಇಂಗ್ಲಿಷ್ ಬಲ್ಲವರು. ಅತಿಥಿಗಳನ್ನು ಊರು ಸುತ್ತಿಸುವುದೂ ಅವರೇ. ಅಲ್ಲಿ ಅಜ್ಜಿಗೆ 'ಬಾ' ಎನ್ನುತ್ತಾರೆ. ನಾನು "ಬಾ ಲಾನ್" ಎಂದು ಕರೆದದ್ದು ಕೇಳಿ ಅಕ್ಕ ನನ್ನ ಭುಜಕ್ಕೆ ತಿವಿದಳು: "ವಯಸ್ಸಾದೋರಿಗೆ ಬರ್ರಿ ಅನ್ನು, ಬಾ ಅಂತೀಯಲ್ಲ." ತಿಳಿಸಿ ಹೇಳಿದರೂ ಕೊನೆಯವರೆಗೆ ಅವಳು ಅವರನ್ನು 'ಬರ್ರಿ ಲಾನಮ್ಮ' ಎಂದೇ ಕರೆದಳು. ಅವರೂ ಓಗೊಡುತ್ತಿದ್ದರು.

ಹನೋಯ್‌ನಲ್ಲಿ ಮೊದಲು ಕಲಿಯಬೇಕಾದದ್ದು ರಸ್ತೆ ದಾಟುವುದು. ಅಲ್ಲಿ ಮೋಟಾರ್ ಸೈಕಲ್‌ಗಳು ನಿಲ್ಲುವುದಿಲ್ಲ, ನಮ್ಮ ಕಾಲುವೆಗೆ ನೀರು ಬಿಟ್ಟ ಹಾಗೆ ಬರುತ್ತಲೇ ಇರುತ್ತವೆ. ನಾನು ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮತ್ತೆ ಎಡಕ್ಕೆ ನೋಡುತ್ತ ಅಂಚಿನಲ್ಲೇ ಉಳಿದೆ. ಅಕ್ಕ ನನ್ನ ಕೈ ಹಿಡಿದು ಇಳಿದೇಬಿಟ್ಟಳು. "ಓಡಬ್ಯಾಡ, ನಿಲ್ಲಬ್ಯಾಡ. ಎಮ್ಮೆ ಹಿಂಡಿನಾಗೆ ಹೆಂಗೆ ನಡೀತೀವಿ ಹಂಗೆ ನಡಿ" ಎಂದಳು. ಹಿಂಡು ನಮ್ಮ ಎರಡೂ ಕಡೆ ಸೀಳಿಕೊಂಡು ಹೋಯಿತು. ನಿಯಮವಿಲ್ಲದ ಜಾಗ ಎಂದು ನಾನು ಗೊಣಗಿದೆ. ನಿಯಮ ಇತ್ತು: ಎಲ್ಲರೂ ಒಂದೇ ವೇಗದಲ್ಲಿ ಚಲಿಸುವುದು. ಅದನ್ನು ಎಲ್ಲಿಯೂ ಬರೆದು ಹಾಕಿರಲಿಲ್ಲ, ಅಷ್ಟೇ.

ಬೆಳಗಿನ ಐದಕ್ಕೆ ಏಳುವ ಅಭ್ಯಾಸ ನನ್ನದು. ಹರಿಹರದಲ್ಲಿ ಆ ಹೊತ್ತಿಗೆ ಎದ್ದವನು ನಾನೊಬ್ಬನೇ ಎಂಬ ಸಣ್ಣ ಜಂಬವೂ ಇತ್ತು. ಹನೋಯ್‌ನ ಕೆರೆಯ ದಂಡೆಗೆ ಹೋದರೆ ಊರಿನ ಮುದುಕ ಮುದುಕಿಯರೆಲ್ಲ ಆಗಲೇ ಅಲ್ಲಿದ್ದರು. ಬೀಸಣಿಗೆ ಹಿಡಿದು ಸಾಲಾಗಿ ಕೈ ಬೀಸುವವರು, ಹಾಡು ಹಾಕಿ ಕುಣಿಯುವವರು, ಒಬ್ಬರ ಹಿಂದೊಬ್ಬರು ನಿಂತು ಮುಂದಿನವರ ಬೆನ್ನು ಗುದ್ದುವವರು. ಅಕ್ಕ ಕಲ್ಲುಬೆಂಚಿನ ಮೇಲೆ ಕೂತು ಬಾಯಿ ತೆರೆದು ನೋಡತೊಡಗಿದಳು. ಇದೇ ಸಮಯವೆಂದು ನಾನು ದಂಡೆಯ ತಿರುವಿನಾಚೆ ಹೋಗಿ, ಮರದ ಮರೆಯಲ್ಲಿ ನಿಂತು, ಲೆನ್ಸು ಉದ್ದ ಮಾಡಿದೆ.

ಮೊದಲ ಸಲ ಕ್ಯಾಮೆರಾ ಅಕ್ಕನನ್ನು ಬಿಟ್ಟು ನಡುವಿನ ಎಲೆಗಳನ್ನು ಹಿಡಿಯಿತು. ಆಮೇಲೆ ಅವಳು ಆಕಳಿಸಿದಳು. ಮತ್ತೊಮ್ಮೆ ಗುಂಡಿಯ ಮೇಲೆ ಬೆರಳಿಡುವಾಗ ಕೆಂಪು ಅಂಗಿಯ ಅಜ್ಜಿಯೊಬ್ಬರು ಬಂದು ಅಕ್ಕನ ಬೆನ್ನಿಗೆ ಎರಡು ಗುದ್ದಿ, ಎಬ್ಬಿಸಿ, ತಮ್ಮ ಸಾಲಿಗೆ ಸೇರಿಸಿಕೊಂಡರು. ನಾನು ಹಿಂದಿರುಗುವ ಹೊತ್ತಿಗೆ ಅಕ್ಕ ಗುದ್ದಿಸಿಕೊಳ್ಳುತ್ತ, ಗುದ್ದುತ್ತ, "ಎಲ್ಲಿ ಸಾಯಾಕ ಹೋಗಿದ್ಯೋ? ಬಾ, ಬೆನ್ನು ಹಗುರಾಗತೈತೆ" ಎಂದು ಕೂಗಿದಳು.

ಆ ಬೆಳಗ್ಗೆಯೇ ಇನ್ನೊಂದು ಸಂಗತಿ ನಡೆಯಿತು. ನಾವಿಬ್ಬರೂ ತುವಾನ್ ಜೊತೆ ನಿಂತಿದ್ದೆವು. ದಾರಿಹೋಕರೊಬ್ಬರಿಗೆ ಫೋನು ಕೊಟ್ಟು ಮೂವರದೂ ಒಂದು ಫೋಟೊ ತೆಗೆಯಿರಿ ಎಂದೆ. ತುವಾನ್ ಹಾವು ಕಂಡವರಂತೆ ಪಕ್ಕಕ್ಕೆ ಸರಿದರು. ಮೂವರು ನಿಂತು ತೆಗೆಸಿಕೊಂಡರೆ ನಡುವೆ ನಿಂತವರಿಗೆ ಆಯುಷ್ಯ ಕಡಿಮೆಯಂತೆ. ನಾನು ಕನ್ನಡದಲ್ಲಿ ಹೇಳಿದ್ದೇ ತಡ, ಅಕ್ಕನ ಮುಖ ಅರಳಿತು.

"ನೋಡ್ದೇನು? ತಿಳಿದೋರು ಎಲ್ಲಾ ದೇಶದಾಗೂ ಇರ್ತಾರೆ."

ಅವಳನ್ನು ಸೋಲಿಸಲು ನಾನು ನಂಬಿ ಬಂದ ದೇಶ ಅವಳ ಪಕ್ಷ ಸೇರಿತ್ತು.

ನಿನ್ ಬಿನ್, ದೋಣಿಯಲ್ಲಿ

ಹನೋಯ್‌ನಿಂದ ದಕ್ಷಿಣಕ್ಕೆ ನಿನ್ ಬಿನ್ ಎಂಬ ಊರಿದೆ. ಗದ್ದೆಗಳ ನಡುವೆ ಒಂದು ಹೊಳೆ, ಹೊಳೆಯ ಎರಡೂ ಕಡೆ ನೆಲದಿಂದ ನೇರ ಎದ್ದ ಕಲ್ಲುಗುಡ್ಡಗಳು. ಅಕ್ಕ ಗುಡ್ಡಗಳನ್ನು ನೋಡಲೇ ಇಲ್ಲ. ಬದುವಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಒಂದು ತೆನೆ ಬಗ್ಗಿಸಿ, ಕಾಳು ಹಿಸುಕಿ ನೋಡಿ, "ಇನ್ನೂ ಹಾಲು. ಇವರು ನಮಗಿಂತ ತಡವಾಗಿ ನಾಟಿ ಮಾಡ್ಯಾರೆ" ಎಂದು ತೀರ್ಪು ಕೊಟ್ಟಳು. ರಸ್ತೆಬದಿ ಬಿದಿರಿನ ತಟ್ಟಿಗಳ ಮೇಲೆ ತೆಳ್ಳನೆಯ ಅಕ್ಕಿಹಾಳೆಗಳನ್ನು ಒಣಹಾಕಿದ್ದರು. "ಹಪ್ಪಳ! ಕಾಗೆ ಕಾಯಾಕ ಯಾರನ್ನೂ ಕೂಡ್ರಿಸಿಲ್ಲಲ್ಲೋ" ಎಂದು ಕಳವಳಪಟ್ಟಳು.

ಆ ಹೊಳೆಯಲ್ಲಿ ದೋಣಿ ನಡೆಸುವವರು ಹಿಂದಕ್ಕೆ ಒರಗಿ ಕೂತು ಪಾದಗಳಿಂದ ಹುಟ್ಟು ಹಾಕುತ್ತಾರೆ. ಒಂದು ದೋಣಿಯಲ್ಲಿ ಇಬ್ಬರು ಕೂರುವುದು ರೂಢಿ. ಇಬ್ಬರೂ ಒಂದರಲ್ಲೇ ಕೂತರೆ ಮಂಡಿಗೆ ಮಂಡಿ ತಾಗುತ್ತದೆ. ನನ್ನ ಲೆನ್ಸಿಗೆ ಅಷ್ಟು ಹತ್ತಿರದ ಅಕ್ಕ ಕಾಣುವುದೇ ಇಲ್ಲ. ಬೆಳಕು ಚೆನ್ನಾಗಿ ಸಿಗಬೇಕೆಂದು ಏನೋ ನೆಪ ಹೇಳಿ, ಅಕ್ಕನನ್ನು ತುವಾನ್ ಜೊತೆ ಮುಂದಿನ ದೋಣಿಯಲ್ಲಿ ಕೂರಿಸಿ ನಾನು ಹಿಂದಿನದರಲ್ಲಿ ಹೊರಟೆ.

ತಿರುವಿನಲ್ಲಿ ಅವರ ದೋಣಿ ಅಡ್ಡವಾಯಿತು. ದೋಣಿಯಾಕೆ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಫೋನು ಹಿಡಿದು ಯಾರನ್ನೋ ಬೈಯುತ್ತಿದ್ದಳು. ಪಾದಗಳು ಮಾತ್ರ ತಮ್ಮ ಪಾಡಿಗೆ ಹುಟ್ಟು ತಿರುಗಿಸುತ್ತಿದ್ದವು. ಅಕ್ಕ ಅದನ್ನೇ ನೋಡುತ್ತಿದ್ದವಳು ನನ್ನತ್ತ ಕೂಗಿದಳು: "ಒಂದು ಕೈಯಾಗೆ ಛತ್ರಿ, ಒಂದು ಕೈಯಾಗೆ ಜಗಳ, ಕಾಲಾಗೆ ಸಂಸಾರ!" ಕೂಗಿ, ಅವಳೇ ನಗತೊಡಗಿದಳು. ಸೆರಗು ಜಾರಿದ್ದು ಅವಳಿಗೆ ತಿಳಿಯಲಿಲ್ಲ. ನೀರಿನ ಬೆಳಕು ಕೆಳಗಿನಿಂದ ಮುಖಕ್ಕೆ ಬಿದ್ದಿತ್ತು. ನಾನು ಗುಂಡಿ ಒತ್ತಿದೆ.

ಸಿಕ್ಕಿತು. ಎರಡು ಕಣ್ಣು, ಮೂಗುಬೊಟ್ಟು, ಉದುರಿದ ಹಲ್ಲಿನ ಜಾಗ, ಎಲ್ಲವೂ ಸ್ಪಷ್ಟ. ದೂರದ ಲೆನ್ಸು ತನಗೆ ವಹಿಸಿದ ಕೆಲಸವನ್ನು ಲೋಪವಿಲ್ಲದೆ ಮಾಡಿತ್ತು.

ಸಂಜೆ ಆ ಊರಲ್ಲಿ ಉಳಿದುಕೊಂಡ ಮನೆಯ ಜಗಲಿಯಲ್ಲಿ ಕೂತು ಆ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಊಟಕ್ಕೆ ಕರೆಯಲು ಬಂದ ಅಕ್ಕ, ಶೇಂಗಾ ಚಟ್ನಿಪುಡಿಯ ಡಬ್ಬಿ ಹಿಡಿದುಕೊಂಡೇ ನನ್ನ ಬೆನ್ನ ಹಿಂದೆ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ.

"ನಾನಾ ಅದು?"

"ಹೂಂ. ನೀನೇ."

"ನನ್ನ ಕೇಳ್ದ್ಯಾ?"

"ಕೇಳಿದ್ರೆ ಬ್ಯಾಡ ಅಂತಿದ್ದೆ."

"ಅಂತಿದ್ದೆ. ಬ್ಯಾಡ ಅಂಬೋದೂ ನಂದೇ ಅಲ್ಲೇನು? ಅದನ್ನೂ ನೀನೇ ತಗಂಡ್ಯಲ್ಲೋ."

ನಾನು ಅವ್ವನ ಫೋಟೊದ ಮಾತೆತ್ತಿದೆ. ಪೇಟದ ಮರೆ, ಬರೆದ ಕಣ್ಣು, ನನಗೆ ಮರೆತುಹೋದ ಮುಖ, ಎಲ್ಲವನ್ನೂ ಹೇಳಿದೆ. ಇಷ್ಟು ವರ್ಷದಲ್ಲಿ ಅವಳಿಗೆ ಅದನ್ನು ಹೇಳಿದ್ದು ಅದೇ ಮೊದಲು. ಅಕ್ಕ ಡಬ್ಬಿ ಕೆಳಗಿಟ್ಟು ಪಕ್ಕದಲ್ಲಿ ಕೂತಳು.

"ಅದನ್ನೂ ಅವ್ವನ್ನ ಕೇಳಿ ಮಾಡಿಸ್ಲಿಲ್ಲ" ಎಂದಳು. "ಅಳಿಸು."

ಅಳಿಸಿದೆ. ಅವಳ ಎದುರಿಗೇ.

ಆದರೆ ಅಳಿಸಿದ ಚಿತ್ರವನ್ನು ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಮತ್ತೆ ಎಬ್ಬಿಸಬಹುದೆಂದು ಮಂಜಣ್ಣ ಅಂಗಡಿಯಲ್ಲಿ ಹೇಳಿದ್ದರು. ರಾತ್ರಿ ಹಾಸಿಗೆಯಲ್ಲಿ ಆ ಮಾತು ನನ್ನನ್ನು ಬಿಡಲಿಲ್ಲ. ದಾವಣಗೆರೆಗೆ ಹೋಗಿ ಕಾರ್ಡು ಅವರ ಕೈಗಿಟ್ಟರೆ ಮುಗಿಯಿತು, ಅಕ್ಕನಿಗೆ ತಿಳಿಯುವುದೂ ಇಲ್ಲ. ಮರುದಿನ ಹನೋಯ್‌ಗೆ ಹಿಂದಿರುಗುವಾಗ ಬಸ್ಸಿನ ಕಿಟಕಿಯಿಂದ ಹೊಲ, ಕಂಬ, ಬಾತುಕೋಳಿ, ಎದುರು ಲಾರಿಯ ಬೆನ್ನು ಎಂದು ಸಿಕ್ಕಿದ್ದನ್ನೆಲ್ಲ ತೆಗೆದು ಆ ಕಾರ್ಡನ್ನು ತುಂಬಿಸಿದೆ. ಹಳೆಯದರ ಮೇಲೆ ಹೊಸದು ಕೂತರೆ ಮತ್ತೆ ಏಳುವುದಿಲ್ಲ. ಅಳಿಸು ಎಂದಮೇಲೆ ಅಳಿಸಬೇಕು. ಅಕ್ಕ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ದಾರಿಯುದ್ದಕ್ಕೂ ಅವಳು ಆಡಿದ ಮಾತು "ನೀರು ಕೊಡು" ಎಂಬುದೊಂದೇ.

ಮತ್ತೆ ಹನೋಯ್

ಊರಿಗೆ ಹೊರಡುವ ದಿನ ಸಾಮಾನು ಕಟ್ಟಿ ಮುಂದಿನ ಕೋಣೆಯಲ್ಲಿ ಕೂತಿದ್ದೆವು. ವಿಮಾನ ರಾತ್ರಿಯದು. ಬಾ ಲಾನ್ ಪೀಠದ ಹಣ್ಣು ಬದಲಿಸಿ, ಫೋಟೊಗಳ ಧೂಳು ಒರೆಸಿದರು. ಆಮೇಲೆ ಕಪಾಟು ತೆರೆದು ಕೆಂಪು ಬಟ್ಟೆಯಲ್ಲಿ ಸುತ್ತಿದ ಇನ್ನೊಂದು ಚೌಕಟ್ಟು ತೆಗೆದು ಅದನ್ನೂ ಒರೆಸತೊಡಗಿದರು. ನೀಲಿ ನಿಲುವಂಗಿ, ಕೊರಳಲ್ಲಿ ಮುತ್ತಿನ ಸರ, ತುಟಿಗೆ ಬಣ್ಣ, ಕೂದಲು ಎತ್ತಿ ಕಟ್ಟಿದ ಹೆಂಗಸು.

"ಪಾಪ, ತಂಗಿ ಇರಬೇಕು" ಎಂದು ಅಕ್ಕ ಎದ್ದು ಕೈ ಮುಗಿದಳು.

ಬಾ ಲಾನ್ ಒಂದು ಕ್ಷಣ ಅರ್ಥವಾಗದೆ ನೋಡಿದರು. ಅರ್ಥವಾದದ್ದೇ ನಗು ತಡೆಯದೆ ಕುರ್ಚಿ ಹಿಡಿದುಕೊಂಡರು. ಚೌಕಟ್ಟನ್ನು ತಮ್ಮ ಕೆನ್ನೆಯ ಪಕ್ಕಕ್ಕೆ ಹಿಡಿದು ತೋರಿಸಿದರು. ಅದೇ ಹಣೆ, ಅದೇ ಗದ್ದದ ಮಚ್ಚೆ. ಅಕ್ಕನ ಮುಗಿದ ಕೈ ಹಾಗೇ ಗಾಳಿಯಲ್ಲಿ ಉಳಿಯಿತು.

ತುವಾನ್ ಇಂಗ್ಲಿಷಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಅಕ್ಕನಿಗೆ ದಾಟಿಸಿದೆ. ಅಲ್ಲಿ ವಯಸ್ಸಾದವರು ಪೀಠದ ಫೋಟೊವನ್ನು ತಾವೇ ಮೊದಲೇ ಮಾಡಿಸಿಟ್ಟುಕೊಳ್ಳುತ್ತಾರೆ. ಒಳ್ಳೆಯ ಬಟ್ಟೆ ತೊಟ್ಟು, ಗೆಳತಿಯರ ಜೊತೆ ಸ್ಟುಡಿಯೊಗೆ ಹೋಗಿ, ಯಾರದು ಚೆನ್ನಾಗಿ ಬಂತೆಂದು ವಾದಿಸಿ ತರುತ್ತಾರೆ.

"ಹಂಗೆ ಮಾಡಿಸ್ಕೊಂಡ ಮ್ಯಾಲೆ ಏನಾರಾ ಆತಾ ಅಂತ ಕೇಳು" ಎಂದಳು ಅಕ್ಕ.

ಕೇಳಿದೆ. ಉತ್ತರ ತುವಾನ್ ದಾರಿಯಾಗಿ ಸುತ್ತಿಕೊಂಡು ಬಂತು: "ಆತಂತೆ. ಆ ವರ್ಷ ಮಂಡಿನೋವು ಹೋತಂತೆ."

"ಆಮೇಲೆ?"

"ಮಕ್ಕಳ ಕೈಗೆ ಬಿಟ್ರೆ ಗುರುತಿನ ಚೀಟಿದೇ ದೊಡ್ಡದು ಮಾಡಿಸಿ ಇಡ್ತಾರಂತೆ. ಬೈಯಾಕ ಆಗ ತಾನಿರಲ್ಲಲ್ಲ ಅಂತಾರೆ."

ಅಕ್ಕ ತುವಾನ್ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಇಬ್ಬರಲ್ಲಿ ಯಾರನ್ನೂ ನಂಬುವಂತಿಲ್ಲ ಎಂಬಂತಿತ್ತು ಆ ನೋಟ. ಬಾ ಲಾನ್ ಕೈಯಿಂದ ಚೌಕಟ್ಟು ಇಸಿದುಕೊಂಡು, ತೊಡೆಯ ಮೇಲಿಟ್ಟು ನೋಡುತ್ತ ಕೂತಳು. ನಿನ್ನದೂ ಒಂದು ತೆಗೆಯಲೇ ಎಂದು ಕೇಳಬೇಕೆನ್ನಿಸಿತು. ಕೇಳಿದರೆ ಮತ್ತೆ ಒತ್ತಾಯವಾದೀತು. ಕ್ಯಾಮೆರಾ ಚೀಲದೊಳಗೇ ಇತ್ತು.

ಮಧ್ಯಾಹ್ನದ ಊಟವಾದಮೇಲೆ ಅವಳು ಮಹಡಿಗೆ ಹೋಗಿ, ಪ್ರವಾಸದುದ್ದಕ್ಕೂ ಮಡಿಕೆ ಬಿಚ್ಚದೆ ಇಟ್ಟಿದ್ದ ಹಸಿರು ಇಳಕಲ್ ಸೀರೆ ಉಟ್ಟು ಇಳಿದುಬಂದಳು. ತಲೆ ಬಾಚಿದ್ದಳು.

"ತಮ್ಮಾ, ಎಲ್ಲೈತೆ ನಿನ್ನ ಕೊಳವೆ?"

ನಾನೆದ್ದು ನಿಂತೆ.

"ಆದ್ರೆ ಎದೆ ಮಟ್ಟ ತೆಗೀಬ್ಯಾಡ. ಗೋಡೆ ಮ್ಯಾಲಿರೋರೆಲ್ಲ ಎದೆ ಮಟ್ಟದೋರೇ. ನಂದು ಕಾಲು ಕಾಣಬೇಕು. ಕಾಲಿದ್ದೋರು ಎದ್ದು ಹೋಗಾಕ ಬರತೈತೆ."

ಪಾದದವರೆಗೆ ಪೂರ್ತಿ ಮನುಷ್ಯರನ್ನು ಹಿಡಿಸಬೇಕಾದರೆ ನನ್ನ ಲೆನ್ಸಿಗೆ ಆ ಕೋಣೆ ಸಾಲದು. ಅಕ್ಕನನ್ನು ಹೊಸ್ತಿಲ ಹೊರಗೆ ಗಿಡ್ಡ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ ಹಿಂದೆ ಹಿಂದೆ ಸರಿದೆ. ಮೊದಲು ಮೂಗು, ಆಮೇಲೆ ಎದೆ, ಆಮೇಲೆ ಮಡಿಲು. ಪಾದ ಕಾಣುವ ಮೊದಲೇ ಕಾಲುದಾರಿ ಮುಗಿದು ರಸ್ತೆ ಶುರುವಾಯಿತು. ಹರಿಹರದ ಬೀರುವಿನಲ್ಲಿ ಕೀಲಿ ಹಾಕಿಟ್ಟ ಸಣ್ಣ ಲೆನ್ಸಿದ್ದಿದ್ದರೆ ಎರಡು ಹೆಜ್ಜೆಯಲ್ಲಿ ಆಗುವ ಕೆಲಸ. ಸೂಕ್ತ ಉಪಕರಣವನ್ನೇ ತಂದಿದ್ದೆ, ಕೆಲಸ ಬದಲಾಗಿತ್ತು. ತುವಾನ್ ತಮ್ಮ ಫೋನು ಚಾಚಿದರು. ಅಕ್ಕ ಕೈಯಾಡಿಸಿದಳು: "ಬ್ಯಾಡ್ರಿ. ಫೋನಿನಾಗಿಂದು ಊರೆಲ್ಲ ತಿರುಗತೈತೆ. ನಮ್ಮ ತಮ್ಮ ತೆಗೀತಾನೆ."

ರಸ್ತೆ ದಾಟಿದೆ. ಓಡಲಿಲ್ಲ, ನಿಲ್ಲಲಿಲ್ಲ. ಎದುರಿನ ಕಾಲುದಾರಿಯಲ್ಲಿ ಒಂದು ಟೋಪಿ ಅಂಗಡಿಗೆ ಬೆನ್ನು ಕೊಟ್ಟು ನಿಂತು ಕಣ್ಣಿಟ್ಟೆ. ಅಕ್ಕ ಅಡಿಯಿಂದ ಮುಡಿಯವರೆಗೆ ಚೌಕಟ್ಟಿನಲ್ಲಿ ಕೂತಿದ್ದಳು. ನಡುವೆ ಮೋಟಾರ್ ಸೈಕಲ್‌ಗಳು. ಒಂದು ಸಲ ಬಂದದ್ದು ಹೆಲ್ಮೆಟ್ಟು, ಒಂದು ಸಲ ಯಾರದೋ ಬೆನ್ನಿಗೆ ಕಟ್ಟಿದ ಬಾಗಿಲಷ್ಟು ದೊಡ್ಡ ಕನ್ನಡಿ. ಅದರಲ್ಲಿ ಕಂಡವನು ನಾನೇ.

"ಆತೇನೋ?" ಎಂದು ಅಕ್ಕ ಆಚೆಯಿಂದ ಕೂಗಿದಳು.

"ಇಲ್ಲ! ಅಲ್ಲಾಡಬ್ಯಾಡ!"

"ಭತ್ತ ಕೊಯ್ಲಿಗೆ ಬಂದೀತು, ಬೇಗ ತೆಗಿಯೋ!"

ಬಾ ಲಾನ್ ಬಂದು ಅವಳ ಸೀರೆಯ ನೆರಿಗೆ ಸರಿಪಡಿಸಿ, ಪಾದಗಳು ಕಾಣುವಂತೆ ಅಂಚು ಎತ್ತಿ, ಗದ್ದ ಹಿಡಿದು ಮೇಲೆತ್ತಿ, ಚೌಕಟ್ಟಿನಿಂದಾಚೆ ಸರಿದರು. ಹಿಂಡು ಸ್ವಲ್ಪ ತೆಳುವಾಯಿತು. ಆಗ ಅಕ್ಕ ನೇರ ನೋಡಿದಳು. ಇಡೀ ಪ್ರವಾಸದಲ್ಲಿ ಈ ಲೆನ್ಸಿನ ಮೂಲಕ ಅವಳ ಪಕ್ಕದ ಮುಖ, ಬಾಗಿದ ಮುಖ, ಬೇರೆ ಕಡೆಗಿನ ಮುಖ ನೋಡಿದ್ದೆ. ಈಗ ಆ ಕಣ್ಣುಗಳು ರಸ್ತೆ ದಾಟಿ ಬಂದು ನನ್ನ ಕಣ್ಣಿಗೆ ಕೂತವು. ದೋಣಿಯಲ್ಲಿದ್ದ ನಗು ಇರಲಿಲ್ಲ. ಗದ್ದೆಗೆ ನೀರು ಬರುವುದನ್ನು ಕಾಯುವಾಗಿನ ಮುಖ ಅದು. ಒತ್ತಿದೆ. ಮೂಲೆಯಲ್ಲಿ ಯಾರದೋ ಗಾಡಿಯ ಹ್ಯಾಂಡಲಿನ ತುದಿ ಬಿದ್ದಿದೆ. ಉಳಿದದ್ದೆಲ್ಲ ಅಕ್ಕ.

ದಾಟಿ ಬಂದು ತೋರಿಸಿದೆ. ಅವಳು ಮೊದಲು ಪಾದ ಎಣಿಸಿದಳು, ಆಮೇಲೆ ಮುಖ ನೋಡಿದಳು. "ಅಡ್ಡಿಲ್ಲ. ಇದು ಇರ್ಲಿ" ಎಂದಳು. ನಾನು ಕ್ಯಾಮೆರಾ ಚೀಲಕ್ಕೆ ಹಾಕಲು ಹೋದೆ.

"ಯಾಕ ಒಳಗಿಡ್ತೀ? ಕೂಡ್ರು. ಈಗ ನಿಂದು."

"ನಂದ್ಯಾಕಕ್ಕಾ? ನನ್ನವು ಬೇಕಾದಷ್ಟಿವೆ. ಕಾರ್ಖಾನೆದು, ಸನ್ಮಾನದ್ದು..."

"ಒಬ್ಬನೇ ಕುಂತಿದ್ದು ಎಷ್ಟೈತೆ?"

ನೆನಪು ಮಾಡಿಕೊಂಡೆ. ಎಲ್ಲದರಲ್ಲೂ ಪಕ್ಕದಲ್ಲಿ ಯಾರೋ ಇದ್ದರು: ಸಹೋದ್ಯೋಗಿಗಳು, ಹೆಂಡತಿ, ಶಾಲು ಹೊದಿಸುವವರು. ಬೇಕೆಂದೇ ಹಾಗೆ ಮಾಡಿದ್ದೆನೆಂದು ಹೇಳಲಾರೆ. ಇಲ್ಲವೆಂದೂ ಹೇಳಲಾರೆ. ಮೂಢನಂಬಿಕೆ ಹೆಂಗಸರದು ಎಂದುಕೊಂಡೇ ಇಷ್ಟು ವರ್ಷ ಕಳೆದಿದ್ದೆ.

"ಹೊತ್ತಾಗತೈತೆ, ವಿಮಾನ..." ಎಂದೆ.

"ಹೆದರಿಕಿ ಬಂತೇನೋ?"

"ಹೆದರಿಕಿ ಯಾಕ ಬರತೈತೆ?"

"ಹಂಗಾರೆ ಕೂಡ್ರು."

ಗುಂಡಿ ಯಾವುದು, ಕಣ್ಣೆಲ್ಲಿಡಬೇಕು ಎಂಬುದನ್ನು ತೋರಿಸಿಕೊಟ್ಟೆ. ಪಟ್ಟಿಯನ್ನು ಅವಳ ಕೊರಳಿಗೆ ಹಾಕಿದೆ. ಅವಳು ಆ ಉದ್ದನೆಯ ಲೆನ್ಸನ್ನು ಕೂಸನ್ನು ಎತ್ತಿಕೊಂಡಂತೆ ತೋಳಿನಲ್ಲಿಟ್ಟುಕೊಂಡು, ಎಡಬಲ ನೋಡದೆ, ಇಳಕಲ್ ಸೀರೆಯಲ್ಲಿ ಆ ಹಿಂಡನ್ನು ಸೀಳಿಕೊಂಡು ಆಚೆ ಹೋಗಿ ನಿಂತಳು. ನಾನು ಸ್ಟೂಲಿನ ಮೇಲೆ ಕೂತೆ. ಮಂಡಿ ಎದೆಗೆ ಬಂತು. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ತೊಡೆಯ ಮೇಲಿಟ್ಟೆ, ತೆಗೆದೆ, ಮತ್ತೆ ಇಟ್ಟೆ. ಬಾ ಲಾನ್ ಬಂದು ನನ್ನ ಕಾಲರ್ ಸರಿಮಾಡಿ ಹೋದರು. ಬೆನ್ನ ಹಿಂದೆ, ಕೋಣೆಯ ಒಳಗೆ, ಅವರ ಹಿರಿಯರೆಲ್ಲ ಎದೆ ಮಟ್ಟಕ್ಕೆ ಸಾಲಾಗಿ ಕೂತು ನೋಡುತ್ತಿದ್ದಾರೆಂಬುದು ನನಗೆ ಗೊತ್ತಿತ್ತು. ಬೆನ್ನು ನೆಟ್ಟಗೆ ಮಾಡಿ, ಪಾದ ಜೋಡಿಸಿ, ಅಳತೆ ನೋಡಲು ಗೇಜಿಗೆ ಕೊಟ್ಟ ವಸ್ತುವಿನಂತೆ ಅಲುಗಾಡದೆ ಕಾದೆ. ರಸ್ತೆಯ ಆಚೆ ದಂಡೆಯಲ್ಲಿ ಅಕ್ಕನ ಮುಖ ಕಾಣಲಿಲ್ಲ. ಕಪ್ಪು ಗಾಜಿನ ಒಂದು ವೃತ್ತ ನನ್ನತ್ತ ತಿರುಗಿತ್ತು.

ಸಮಯ ಹಿಡಿಯಿತು. ಗಾಡಿಗಳು ಹೋದವು, ಬಂದವು, ಮತ್ತೆ ಹೋದವು. ಆಮೇಲೆ ಆ ಸದ್ದನ್ನೆಲ್ಲ ಮೀರಿ, ಭಾನುವಳ್ಳಿಯ ಗದ್ದೆಯ ಈ ತುದಿಯಿಂದ ಆ ತುದಿಗೆ ಕೇಳುವ ದನಿಯಲ್ಲಿ ಅಕ್ಕ ಕೂಗಿದಳು:

"ಉಸಿರು ಬಿಡೋ ತಮ್ಮಾ! ಉಸಿರು ಬಿಡು!"